ಕುರ್ಚಿಯ ಕೆಳಗಿನ ನಾದಿನಿ

ಬೆತ್ತದ ಕುರ್ಚಿ ಹೆಣೆಯಲು ಇಬ್ಬರು ಬೇಕು. ಒಬ್ಬರಿಂದ ಆಗುವುದಿಲ್ಲವೆಂದಲ್ಲ, ಆದರೆ ಆಗ ಅರ್ಧ ದಿನ ಕುರ್ಚಿಯನ್ನು ಮಗುಚಿ ಹಾಕುವುದರಲ್ಲೇ ಕಳೆದುಹೋಗುತ್ತದೆ. ಎರಡು ಬೆಂಚುಗಳ ನಡುವೆ ಕುರ್ಚಿಯನ್ನು ಎತ್ತರಿಸಿ ಇಟ್ಟರೆ, ಮೇಲಿನವರು ನೀರಲ್ಲಿ ನೆನೆದ ಬೆತ್ತದ ಎಳೆಯನ್ನು ಚೌಕಟ್ಟಿನ ತೂತಿನೊಳಗೆ ಇಳಿಬಿಡುತ್ತಾರೆ. ಕೆಳಗೆ ಮಣೆ ಹಾಕಿಕೊಂಡು ಕೂತವರು ಅದನ್ನು ಹಿಡಿದು ಜಗ್ಗಿ, ತಿರುಚಿಲ್ಲವೆಂದು ನೋಡಿ, ಪಕ್ಕದ ತೂತಿನಿಂದ ಮೇಲಕ್ಕೆ ಕಳಿಸುತ್ತಾರೆ. ಮೇಲಿನವರಿಗೆ ಕಾಣುವುದು ಹೊಳಪು. ತಪ್ಪುಗಳೆಲ್ಲ ಕಾಣುವುದು ಕೆಳಗಿನವರಿಗೆ.

ಬೀದಿಯವರೆಲ್ಲ ಬೆತ್ತದಮ್ಮ ಎಂದು ಕರೆಯುತ್ತಿದ್ದ ಹೆಂಗಸು ಮದುವೆಯಾಗಿ ಬಂದ ವಾರವೇ ಆ ಮಣೆಯ ಮೇಲೆ ಕೂತವಳು. ಮೇಲೆ ಗಂಡ, ಕೆಳಗೆ ಅವಳು. ಗಂಡ ಮಿತಭಾಷಿ. ‘ಹೂಂ’, ‘ಊಹೂಂ’ ಎಂಬ ಎರಡು ಪದಗಳಲ್ಲಿ ಸಂಸಾರ, ಅಂಗಡಿ ಎರಡನ್ನೂ ನಡೆಸಿದ. ಅವನು ತೀರಿಕೊಂಡ ಮೇಲೆ ಅವಳು ಮೇಲಿನ ಜಾಗಕ್ಕೆ ಬಂದಳು. ಮಕ್ಕಳಿರಲಿಲ್ಲ. ಖಾಲಿಯಾದ ಮಣೆಗೆ ಗಂಡನ ಅಕ್ಕ ಬಂದಳು. ಅಲ್ಲಿಗೆ ಆ ಮನೆಯ ಮೌನಕ್ಕೆ ಎಳ್ಳುನೀರು ಬಿಟ್ಟಂತಾಯಿತು.

ನಾದಿನಿ ಮದುವೆಯಾಗದೆ, ತಲೆ ನರೆಯುವವರೆಗೂ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದವಳು. ಕರಕರ ಎನ್ನುವ ತಂತಿಗಳ ಆಚೆಯ ಜನಕ್ಕೆ ಕೂಗಿ ಕೂಗಿ ಅವಳಿಗೆ ಎರಡು ಅಭ್ಯಾಸ ಅಂಟಿಕೊಂಡಿದ್ದವು. ಒಂದು, ಹೇಳಿದ್ದನ್ನು ಎರಡು ಸಲ ಹೇಳುವುದು. ಇನ್ನೊಂದು, ಹೇಳಿದ್ದು ತಲುಪಿತೆಂದು ಉತ್ತರ ಬರುವ ತನಕ ಬಿಡದಿರುವುದು.

“ಹಾಲು ಉಕ್ತಾ ಇದೆ, ಹಾಲು. ಕೇಳಿಸ್ತಾ?”

ಕೇಳಿಸಿತು ಎನ್ನುವಷ್ಟರಲ್ಲಿ ಹಾಲು ಉಕ್ಕಿ ಒಲೆಯ ಮೇಲೆಲ್ಲ ಚೆಲ್ಲಿರುತ್ತಿತ್ತು.

ಐವತ್ತು ದಾಟಿದ ಬೆತ್ತದಮ್ಮನನ್ನು ಅವಳು ಕರೆಯುತ್ತಿದ್ದುದು ‘ಹುಡುಗಿ’ ಎಂದು, ಅದೂ ಗಿರಾಕಿಗಳ ಮುಂದೆ. ಗಿರಾಕಿಗಳಿಗೆ ಅವರ ಕುರ್ಚಿ ಏಕೆ ಹಾಳಾಯಿತೆಂದು ಹೇಳುವ ಉಪಕಾರವನ್ನೂ ಮಾಡುತ್ತಿದ್ದಳು. “ತೂಕ ಇಳಿಸ್ಕೊಳ್ಳಿ ಸ್ವಾಮಿ, ತೂಕ. ಬೆತ್ತದ್ದೇನು ತಪ್ಪು?” ಆ ಗಿರಾಕಿ ಮತ್ತೆ ಅಂಗಡಿಯ ಕಡೆ ತಲೆ ಹಾಕಲಿಲ್ಲ.

ಕೆಲಸದಲ್ಲಿ ಮಾತ್ರ ಅವಳನ್ನು ದೂರುವಂತಿರಲಿಲ್ಲ. ಕುರ್ಚಿಯ ಕೆಳಗಿನಿಂದ ದಿನವಿಡೀ ದನಿ ಬರುತ್ತಿತ್ತು: “ತಿರುಚಿದೆ, ತಿರುಚಿದೆ. ಸಡಿಲ ಆಯ್ತು, ಸಡಿಲ. ಒಂದು ತೂತು ಬಿಟ್ಟೆ ನೀನು, ಬಿಟ್ಟೆ. ಕೇಳಿಸ್ತಾ ಹುಡುಗಿ?” ಹೇಳಿದ್ದೆಲ್ಲ ನಿಜವೇ. ನಿಜವಾಗಿರುವುದರಿಂದ ಕಿರಿಕಿರಿ ಕಡಿಮೆಯಾಗುತ್ತದೆ ಎಂದು ನಂಬುವವರು ಇಂಥವರ ಜೊತೆ ಒಂದು ವಾರ ಇದ್ದು ನೋಡಬೇಕು.

ಬೆತ್ತದಮ್ಮ ಭಾನುವಾರದ ಆರಾಧನೆ ತಪ್ಪಿಸಿದವಳಲ್ಲ. ಪಿರಿಪಿರಿ ಮಾಡುವವರನ್ನೂ ಪ್ರೀತಿಸಬೇಕೆಂಬುದು ಅವಳಿಗೆ ಹೊಸ ವಿಷಯವಾಗಿರಲಿಲ್ಲ. ಆದರೂ ಒಂದು ದಿನ ಪಾದ್ರಿಯ ಬಳಿ ಹೋಗಿ ಗೋಳು ತೋಡಿಕೊಂಡಳು. ಪಾದ್ರಿ ವಯಸ್ಸಿನಲ್ಲಿ ಚಿಕ್ಕವನು, ಗಾತ್ರದಲ್ಲಿ ದೊಡ್ಡವನು, ಒಳ್ಳೆಯವನು.

“ಕ್ರಿಸ್ತ ತನ್ನ ಶಿಷ್ಯರನ್ನ ಸಹಿಸ್ಕೊಂಡ ಹಾಗೆ ಸಹಿಸ್ಕೊಳ್ಳಿ ಅಮ್ಮ,” ಎಂದ.

“ಅವನಿಗೆ ಆಗಾಗ ಬೆಟ್ಟ ಹತ್ತಿ ಒಬ್ಬನೇ ಕೂರೋ ಅನುಕೂಲ ಇತ್ತು. ನನಗಿರೋದು ಒಂದು ಅಂಗಡಿ, ಹಿಂದೆ ಒಂದು ಕೋಣೆ.”

ಪಾದ್ರಿ ನಕ್ಕು, ಮೃದುವಾಗಿ ಮಾತಾಡಿ ನೋಡಿ ಎಂದ. ಅವಳು ನೋಡಿದಳು. ನಾದಿನಿ ಏನಂದರೂ ಮುಗುಳ್ನಕ್ಕು, ದನಿ ತಗ್ಗಿಸಿ, ಜೇನಿನಲ್ಲಿ ಅದ್ದಿದಂತೆ ಉತ್ತರ ಕೊಟ್ಟಳು. ಎರಡನೆಯ ದಿನವೇ ನಾದಿನಿ ಕೆಲಸ ನಿಲ್ಲಿಸಿ ಅವಳ ಮುಖವನ್ನೇ ದಿಟ್ಟಿಸಿದಳು.

“ಗಂಟಲು ಕಟ್ಟಿದೆಯಾ? ಉಪ್ಪುನೀರು ಮುಕ್ಕಳಿಸು, ಉಪ್ಪುನೀರು. ಹಲ್ಲುನೋವೂ ಇದ್ದ ಹಾಗಿದೆ, ಬಾಯಿ ಒಂಥರಾ ಸೊಟ್ಟಗಿದೆ.”

ಅಲ್ಲಿಗೆ ಆ ಮುಗುಳ್ನಗೆಯ ಆಯುಸ್ಸು ಮುಗಿಯಿತು. ನಾದಿನಿ ಮೀನುಮಾರುಕಟ್ಟೆಗೆ ಹೋಗಿದ್ದ ಹೊತ್ತು ನೋಡಿ ಬೆತ್ತದಮ್ಮ ಮೈದುನನಿಗೆ ಫೋನ್ ಮಾಡಿದಳು. ಅವನು ಬೇರೆ ಊರಿನಲ್ಲಿ ಹೆಂಡತಿ, ಮಹಡಿಮನೆ, ಕಾರು ಎಲ್ಲ ಇಟ್ಟುಕೊಂಡು ಸುಖವಾಗಿದ್ದ. ಅಕ್ಕನಿಗೆ ವಯಸ್ಸಾಯಿತು, ಕೆಳಗೆ ಕೂತು ಬೆನ್ನು ಬಗ್ಗಿಸುವುದು ಇನ್ನು ಕಷ್ಟ, ನಿನ್ನಲ್ಲೇ ಇರಲಿ ಎಂದಳು. ಬೆನ್ನಿನ ಮಾತು ಪೂರ್ತಿ ಸುಳ್ಳಲ್ಲ. ಶನಿವಾರ ಬಂದು ಕರೆದುಕೊಂಡು ಹೋಗುತ್ತೇನೆ ಎಂದ ಮೈದುನ. ನಾದಿನಿಗೆ ಹೇಗೆ ಹೇಳುವುದೆಂದು ಬೆತ್ತದಮ್ಮ ಯೋಚಿಸಿದಳು. ಯೋಚನೆ ಮುಂದೆ ಹೋಗಲಿಲ್ಲ. ಶನಿವಾರ ಮಾತ್ರ ಹತ್ತಿರ ಬರುತ್ತಿತ್ತು.

ಅದೇ ವಾರ ಚರ್ಚಿನಿಂದ ಒಂದು ಕುರ್ಚಿ ಬಂತು. ಬಲಿಪೀಠದ ಪಕ್ಕದಲ್ಲಿರುವ, ತೋಳುಗಳಿರುವ ಭಾರಿ ಹಳೆಯ ಕುರ್ಚಿ. ಭಾನುವಾರ ಬಿಷಪ್ಪರು ಬರುವವರಿದ್ದರು. ಬಂದರೆ ಕೂರುವುದು ಅದರಲ್ಲೇ. ಹಳೆಯ ಬೆತ್ತ ನಡುವೆ ಜೋತುಬಿದ್ದಿತ್ತು. ನೇರ ಎಳೆ, ಅಡ್ಡ ಎಳೆ ಎಳೆದು ಮುಗಿಸುವವರೆಗೆ ನಾದಿನಿ ಬಿಷಪ್ಪರ ಆರೋಗ್ಯ, ಹಿಂದಿನ ಬಿಷಪ್ಪರ ಆರೋಗ್ಯ, ಪಾದ್ರಿಯ ಊಟ ಎಲ್ಲವನ್ನೂ ಎರಡೆರಡು ಸಲ ವಿಚಾರಿಸಿದಳು. ಓರೆ ಎಳೆ ಶುರುವಾಗುವ ಶುಕ್ರವಾರ ಬೆಳಿಗ್ಗೆ ಬೆತ್ತದಮ್ಮ ಕೈಯಲ್ಲಿದ್ದ ಎಳೆಯನ್ನು ಕೆಳಗಿಟ್ಟಳು.

“ಅಕ್ಕ, ಇವತ್ತೊಂದು ದಿನ ನೀವು ಬಾಯಿ ಬಿಡಬಾರದು. ಒಂದಕ್ಷರವೂ ಬೇಡ. ನಿಮ್ಮ ದಮ್ಮಯ್ಯ.”

“ಕೆಲಸದ ಮಾತೂ ಬೇಡ್ವಾ?”

“ಯಾವ ಮಾತೂ ಬೇಡ.”

“ಆಯ್ತು,” ಎಂದಳು ನಾದಿನಿ. ಬಾಯಿಗೆ ಬೀಗ ಬಿತ್ತು.

ಎಂಥ ದಿನ ಅದು! ಬೀದಿಯಲ್ಲಿ ಸೈಕಲ್ ಗಂಟೆ, ಎದುರು ಮನೆಯ ನಲ್ಲಿ, ತೊಟ್ಟಿಯಲ್ಲಿ ನೆನೆಯುತ್ತಿದ್ದ ಬೆತ್ತದ ವಾಸನೆ, ಎಲ್ಲವೂ ಬೆತ್ತದಮ್ಮನಿಗೆ ಹೊಸದಾಗಿ ಬಂದಂತಿತ್ತು. ಗುನುಗುತ್ತ ಎಳೆ ಇಳಿಬಿಟ್ಟಳು. ಮಧ್ಯಾಹ್ನಕ್ಕೆ ಮುಂಚೆ ಹೆಣಿಗೆಯ ಸಂದಿಯಿಂದ ಒಂದು ಬೆರಳು ಮೇಲೆ ಬಂದು ಅತ್ತಿತ್ತ ಆಡಿತು. ಬೆತ್ತದಮ್ಮ ಅದನ್ನು ಗುಂಡಿ ಒತ್ತಿದಂತೆ ಕೆಳಕ್ಕೆ ಒತ್ತಿದಳು. ಇನ್ನೊಂದು ಸಲ ಬಂತು. ಇನ್ನೊಂದು ಸಲ ಒತ್ತಿದಳು. ಆಮೇಲೆ ಬರಲಿಲ್ಲ.

ಓರೆ ಎಳೆಗೊಂದು ಕ್ರಮವಿದೆ. ನೇರ ಎಳೆಯ ಮೇಲೆ ಹಾದು, ಅಡ್ಡ ಎಳೆಯ ಕೆಳಗೆ ನುಸುಳಬೇಕು. ಹಾಗಾದರೆ ಎಳೆಗಳು ಒಂದರ ಪಕ್ಕಕ್ಕೊಂದು ಜಾರಿ ನೆಮ್ಮದಿಯಾಗಿ ಕೂರುತ್ತವೆ. ಅದಲುಬದಲಾದರೆ ಒಂದನ್ನೊಂದು ಗರಗಸದಂತೆ ಕೊಯ್ಯುತ್ತವೆ. ಮೇಲಿನಿಂದ ನೋಡಿದರೆ ಅಷ್ಟಾಗಿ ಗೊತ್ತಾಗದು, ಅದರಲ್ಲೂ ಗುನುಗುತ್ತಿರುವವರಿಗೆ.

ಸಂಜೆ ಪಾದ್ರಿ ಕುರ್ಚಿ ಒಯ್ಯಲು ಬಂದ. “ಆಹಾ, ಹೊಸದರ ಹಾಗಿದೆ,” ಎನ್ನುತ್ತ, ಬಿಷಪ್ಪರ ಕುರ್ಚಿಯಲ್ಲಿ ಕೂರುವ ಅವಕಾಶ ಮತ್ತೆ ಯಾವಾಗಲೋ ಎಂದು ಧಡಕ್ಕನೆ ಕೂತ. ಪಟ್ ಎಂದಿತು. ಮತ್ತೆರಡು ಕಡೆ ಪಟಪಟ ಎಂದಿತು. ಪಾದ್ರಿ ಎದ್ದು ನಿಂತು ತನ್ನ ಬೆನ್ನ ಕೆಳಭಾಗವನ್ನೇ ಸಂಶಯದಿಂದ ನೋಡಿಕೊಂಡ.

ಬೆತ್ತದಮ್ಮ ಕುರ್ಚಿಯನ್ನು ಮಗುಚಿದಳು. ನೋಡಿದೊಡನೆ ತಿಳಿಯಿತು. ಮುಖ ಸುಟ್ಟ ಬದನೆಕಾಯಿಯಂತಾಯಿತು. ಅರ್ಧ ಸೀಟು ಬಿಚ್ಚಬೇಕು. ಇಂಥ ತಪ್ಪನ್ನು ಮೊದಲ ವರ್ಷದಲ್ಲೂ ಅವಳು ಮಾಡಿರಲಿಲ್ಲ.

“ಇದೇನಾಯ್ತು?” ಎಂದ ಪಾದ್ರಿ.

ಬೆತ್ತದಮ್ಮ ನಾದಿನಿಯ ಕಡೆ ನೋಡಿದಳು. ಈಗ ಬರುತ್ತದೆ, ಎರಡು ಸಲ ಬರುತ್ತದೆ, ಪಾದ್ರಿಯ ಎದುರಿಗೇ ಬರುತ್ತದೆ ಎಂದು ಕಾದಳು. ನಾದಿನಿ ಮಣೆಯಿಂದ ಎದ್ದು ಸೀರೆ ಕೊಡವಿಕೊಂಡಳು.

“ನನ್ನ ಕಣ್ಣು, ಪಾದ್ರಿಗಳೇ, ನನ್ನ ಕಣ್ಣು. ಕೆಳಗಿಂದ ನೋಡಿ ಹೇಳ್ಬೇಕಾದವಳು ನಾನು. ಮಂಜು ಮಂಜಾಗಿತ್ತು. ನಾಳೆ ಸಂಜೆಗೆ ಸರಿ ಮಾಡಿಟ್ಟಿರ್ತೀವಿ.”

ಪಾದ್ರಿ ಕನಿಕರದಿಂದ ತಲೆಯಾಡಿಸಿ ಹೊರಟುಹೋದ. ಅವನ ಹೆಜ್ಜೆ ಸಪ್ಪಳ ನಿಂತ ಮೇಲೆ ಬೆತ್ತದಮ್ಮ ಕೇಳಿದಳು:

“ಯಾಕೆ ಹಾಗೆ ಹೇಳಿದ್ರಿ?”

“ಮತ್ತೇನು ಹೇಳ್ಲಿ? ಅಂಗಡಿ ನಡೆಯೋದು ನಿನ್ನ ಹೆಸರಿನ ಮೇಲೆ. ನನ್ನ ಹೆಸರು ಹೇಗೂ ಕೆಟ್ಟಿದೆ, ಇನ್ನೊಂಚೂರು ಕೆಟ್ರೆ ಯಾರಿಗೆ ಗೊತ್ತಾಗುತ್ತೆ? ಆದ್ರೆ ಹುಡುಗಿ, ನನ್ನ ಬೆರಳನ್ನ ಅಷ್ಟು ಜೋರಾಗಿ ಒತ್ಬಾರ್ದಿತ್ತು. ಊದ್ಕೊಂಡಿದೆ, ನೋಡು, ಊದ್ಕೊಂಡಿದೆ.”

ಮರುದಿನ ಬೆಳಿಗ್ಗೆ ಇಬ್ಬರೂ ಕೆಟ್ಟ ಎಳೆಗಳನ್ನು ಬಿಚ್ಚುತ್ತಿದ್ದಾಗ ಮೈದುನನ ಕಾರು ಬಂತು. ಹೊತ್ತಿಗೆ ಮುಂಚೆ ಬರುವುದು, ಬಾಯಿಗೆ ಬಂದದ್ದು ಹೇಳುವುದು, ಎರಡೂ ಅವನ ಹುಟ್ಟುಗುಣ.

“ಏನಕ್ಕ, ಗಂಟುಮೂಟೆ ಕಟ್ಟಿಲ್ವಾ ಇನ್ನೂ? ನಿನ್ನ ಕರ್ಕೊಂಡು ಹೋಗು ಅಂತ ಅತ್ತಿಗೆ ಫೋನ್ ಮಾಡಿದ್ರಲ್ಲ!”

ನಾದಿನಿಯ ಕೈ ನಿಂತಿತು. ಬೆತ್ತದಮ್ಮನನ್ನು ನೋಡಿದಳು. ಅಷ್ಟರಲ್ಲಿ ಮೈದುನನೇ ಮುಂದುವರಿಸಿದ: “ಅವಸರವೇನಿಲ್ಲ ಬಿಡಿ. ಕೆಲಸ ಮುಗೀಲಿ. ಸಂಜೆ ಕುರ್ಚೀನ ಚರ್ಚಿಗೆ ಇಳಿಸಿ ಹಾಗೇ ಹೊರಟ್ರಾಯ್ತು.” ಹೊರಗಿನ ಬೆಂಚಿನ ಮೇಲೆ ಕಾಲು ಚಾಚಿ ಪೇಪರ್ ಮುಖಕ್ಕೆ ಹೊದ್ದು ಮಲಗಿದ.

ನಾದಿನಿ ಮತ್ತೆ ಮಣೆಯ ಮೇಲೆ ಕೂತಳು. ಕೆಲಸ ನಡೆಯಿತು. ಕೆಳಗಿನಿಂದ ಹೇಳಬೇಕಾದದ್ದೆಲ್ಲ ಹೇಳಿದಳು: “ತಿರುಚಿದೆ.” “ಸಡಿಲ.” “ಸರಿ.” ಎಲ್ಲವನ್ನೂ ಒಂದೊಂದೇ ಸಲ. ಕೇಳಿಸಿತೇ ಎಂದು ಕೇಳಲಿಲ್ಲ. ಹುಡುಗಿ ಎನ್ನಲಿಲ್ಲ. ಬೆತ್ತದಮ್ಮ ಬೇಡಿಕೊಂಡಿದ್ದು ಇಂಥ ನಾದಿನಿಯನ್ನೇ. ಇದನ್ನು ಸಹಿಸುವುದು ಮಾತ್ರ ಮೊದಲಿನದಕ್ಕಿಂತ ಕಷ್ಟವಾಗಿತ್ತು.

ಎಳೆ ಇಳಿಬಿಡುತ್ತ ಅವಳು ತನ್ನ ಮನಸ್ಸನ್ನು ತಾನೇ ವಿಚಾರಣೆ ಮಾಡಿದಳು. ನಾದಿನಿಯ ಮೇಲೆ ಪ್ರೀತಿ ಉಕ್ಕಿತೇ? ಇಲ್ಲ. ನಾಳೆಯಿಂದ ಅವಳ ದನಿ ಕೊಳಲಿನಂತೆ ಕೇಳುವುದೇ? ಅದೂ ಇಲ್ಲ. ಕೆಲಸಕ್ಕೆ ಬೇಕೆಂದು ಇಟ್ಟುಕೊಳ್ಳುವುದೇ? ಮಣೆಗೆ ಬೇರೆ ಯಾರಾದರೂ ಸಿಕ್ಕೇ ಸಿಗುತ್ತಾರೆ. ಆದರೆ ಪಾದ್ರಿಯ ಎದುರಿಗೆ ತಪ್ಪನ್ನು ತನ್ನ ತಲೆಯ ಮೇಲೆ ಎಳೆದುಕೊಳ್ಳುವ ಹೊತ್ತಿನಲ್ಲಿ ನಾದಿನಿಗೂ ಇವಳ ಮೇಲೆ ಪ್ರೀತಿ ಉಕ್ಕಿರಲಿಕ್ಕಿಲ್ಲ, ಬೆರಳು ನೋಯುತ್ತಿತ್ತು. ಉಕ್ಕಲಿ ಎಂದು ಅವಳು ಕಾಯಲಿಲ್ಲ, ಅಷ್ಟೇ. ತಾನಾದರೋ ಇಷ್ಟು ದಿನ ಆ ಪ್ರೀತಿಗಾಗಿ ಕಾಯುತ್ತಲೇ ಇದ್ದೆ, ನಡುವೆ ಎರಡು ದಿನ ಮುಗುಳ್ನಗೆಯಲ್ಲಿ ಅದರ ನಟನೆ ಮಾಡಿದೆ ಎಂದು ಬೆತ್ತದಮ್ಮನಿಗೆ ಅನ್ನಿಸಿತು.

ಬಿಸಿಲು ಇಳಿಯುವ ಹೊತ್ತಿಗೆ ಅಂಚಿನ ಪಟ್ಟಿ ಕಟ್ಟಿ ಮುಗಿಯಿತು. ಬೆತ್ತದಮ್ಮ ಮೊದಲು ಪಾದ್ರಿಗೆ ಫೋನ್ ಮಾಡಿದಳು. “ನಿನ್ನೆ ತಪ್ಪು ನಂದು. ಅವರ ಕಣ್ಣಿಗೇನೂ ಆಗಿಲ್ಲ. ಬಾಯಿ ಮುಚ್ಕೊಂಡಿರಿ ಅಂತ ನಾನೇ ಹೇಳಿದ್ದೆ. ಕುರ್ಚಿ ಈಗ ಬರ್ತಿದೆ, ಧೈರ್ಯವಾಗಿ ಕೂರಬಹುದು.” ಫೋನ್ ಇಟ್ಟು, ಸೊಂಟ ಹಿಡಿದುಕೊಂಡು ಏಳುತ್ತಿದ್ದ ನಾದಿನಿಗೆ ಕೈ ಕೊಟ್ಟಳು. ನಾದಿನಿ ಕೈ ಹಿಡಿಯದೆ ಬೆಂಚು ಹಿಡಿದು ಎದ್ದಳು.

“ಅಕ್ಕ, ನೀವು ಹೋಗೋದು ಬೇಡ.”

“ಕುರ್ಚಿ ಮುಗೀತಲ್ಲ. ಇನ್ನೇನು?”

“ಕೆಲಸಕ್ಕೆ ಬೇಕು ಅಂತ ಹೇಳ್ತಿದ್ದೀನಿ ಅನ್ನಿಸ್ಬಾರ್ದು, ಅದಕ್ಕೇ ಮುಗಿದ ಮೇಲೆ ಹೇಳೋಣ ಅಂತ ಕಾದೆ. ನಿಮಗೆ ಹೇಳದೆ ಫೋನ್ ಮಾಡಿದ್ದು ತಪ್ಪು. ಬೆನ್ನುನೋವಿನ ನೆಪ ಹೇಳಿದ್ದೂ ತಪ್ಪು. ನಿಮ್ಮ ಮಾತು ತಡೆಯೋಕಾಗ್ದೆ ಮಾಡ್ದೆ. ಕ್ಷಮಿಸಿ.”

“ಈಗ ತಡೆಯೋಕಾಗುತ್ತಾ?”

ಬೆತ್ತದಮ್ಮ ಸುಳ್ಳು ಹೇಳಲಿಲ್ಲ. “ಇಲ್ಲ. ಆದ್ರೂ ಇರಿ.”

ನಾದಿನಿ ಬಾಗಿಲಿಗೆ ಹೋಗಿ ತಮ್ಮನ ಮುಖದ ಮೇಲಿನ ಪೇಪರ್ ಕಿತ್ತಳು. “ಏಳೋ. ಕುರ್ಚಿ ಕಾರಲ್ಲಿಟ್ಟು ಚರ್ಚಿಗೆ ಕೊಟ್ಟು ಹಾಗೇ ಊರಿಗೆ ಹೋಗು. ನಿನ್ನ ಮಹಡಿ ಮೆಟ್ಟಿಲು ಹತ್ತೋ ಕರ್ಮ ನನಗೇನು?”

ಮೈದುನ ಕಣ್ಣುಜ್ಜಿಕೊಂಡ. “ಹಾಗಾದ್ರೆ ನನ್ನ ಯಾಕೆ ಕರೆಸಿದ್ರಿ?”

“ಕುರ್ಚಿ ಹೊರೋಕೆ,” ಎಂದಳು ಬೆತ್ತದಮ್ಮ.

ಕಾರು ಹೋಯಿತು. ನಾದಿನಿ ಒಳಗೆ ಬಂದು ಊಟದ ಮೇಜಿನ ಎದುರು ಕುರ್ಚಿ ಎಳೆದು ಕೂತಳು, ನ್ಯಾಯಾಧೀಶರು ಕೂರುವಂತೆ.

“ನಿನ್ನನ್ನ ಕ್ಷಮಿಸ್ಬೇಕು, ಕ್ಷಮಿಸ್ತೀನಿ. ಆದ್ರೆ ಇವತ್ತೇ ಆಗೋ ಕೆಲಸ ಅಲ್ಲ. ಅಲ್ಲೀವರೆಗೆ ಬೈತಿರ್ತೀನಿ.”

“ಬೈಯಿರಿ.”

ನಾದಿನಿ ಶುರುಮಾಡಿದಳು. ಮದುವೆಯ ದಿನ ಬೆತ್ತದಮ್ಮ ತಡವಾಗಿ ಬಂದದ್ದರಿಂದ ಹಿಡಿದು ಒಂದನ್ನೂ ಬಿಡಲಿಲ್ಲ. ಬೆತ್ತದಮ್ಮನಿಗೆ ಸಿಟ್ಟು ಬಂತು, ತಲೆನೋವೂ ಬಂತು. ಒಂದು ಬಟ್ಟಲು ಬಿಸಿನೀರು ತಂದು ನಾದಿನಿಯ ಮುಂದಿಟ್ಟು, ಊದಿದ ಬೆರಳನ್ನು ಹಿಡಿದು ಅದರಲ್ಲಿ ಅದ್ದಿದಳು. ಬೈಗುಳ ನಿಲ್ಲಲಿಲ್ಲ. ಬೆರಳು ಮಾತ್ರ ಅಲ್ಲೇ ಇತ್ತು.