ಎಲ್ಲ ಕುರಿಗೂ ‘ದಿ’

ಬೆಳಗಿನ ಐದೂವರೆ. ಕಲ್ಹೇರ್ ಊರಾಚೆಯ ಕುರಿದೊಡ್ಡಿಯ ಮುಂದೆ ಪ್ರೇಮಲಾ ಮೊಳಕಾಲ ಮೇಲೆ ಸ್ಲೇಟು ಇಟ್ಟುಕೊಂಡು ಕುಳಿತಿದ್ದಾರೆ. ಎದುರಿಗೆ ನಾಲ್ವರು ಹೆಂಗಸರು. ಕೈಯಲ್ಲಿ ಪುಸ್ತಕ, ಕಣ್ಣು ಮಾತ್ರ ಕುರಿಗಳ ಮೇಲೆ. ಬಿಸಿಲೇರಿದರೆ ಮಂದೆ ಮೇಯಲು ಹೊರಡಬೇಕು; ಪಾಠ ಅಲ್ಲಿಗೇ ಮುಗಿಯಿತು.

‘ನಾನು ಒಂದು ಕುರಿ ನೋಡಿದೆ’ ಎಂದು ಇಂಗ್ಲಿಷಿನಲ್ಲಿ ಬರೆಯಬೇಕು. ನಾಲ್ವರಲ್ಲಿ ಒಬ್ಬಳಾದ ಸಕ್ಕುಬಾಯಿ ಕುರಿಯ ಮುಂದೆ ಮತ್ತೆ ‘ದಿ’ ಬರೆದಿದ್ದಾಳೆ.

“ಯಾವುದೋ ಒಂದು ಕುರಿ ಆದ್ರ ‘ಎ’. ನಿನಗೂ ನನಗೂ ಗೊತ್ತಿರೋ ಕುರಿ ಆದ್ರ ‘ದಿ’. ಎಷ್ಟ್ ಸಲ ಹೇಳ್ಬೇಕು ತಂಗಿ?”

“ಯಾವುದೋ ಒಂದು ಕುರಿ ಅಂತ ಇರ್ತಾದೇನ್ರಿ ಅಕ್ಕಾ? ಅದು ಕರೀ ಕಿವೀದು, ಇದು ಅದರ ಮಗಳು, ಮೂಲ್ಯಾಗಿಂದು ಝರಾಸಂಗಂ ಸಂತ್ಯಾಗಿಂದ ತಂದಿದ್ದು. ಎಲ್ಲಾ ಗೊತ್ತಿದ್ದವೇ!”

ದೊಡ್ಡಿಯ ಒಳಗಿನಿಂದ ಸಕ್ಕುಬಾಯಿಯ ಅತ್ತೆ ಗುಂಡಮ್ಮ ಕೂಗುತ್ತಾರೆ: “ಗಂಡನ ಹೆಸರು ಮರೀತಾಳ, ಕುರೀದು ಮರಿಯಂಗಿಲ್ಲ!”

ನಗು ನಿಂತರೂ ಚಿಂತೆ ನಿಲ್ಲುವುದಿಲ್ಲ. ಸೋಮವಾರ ಸಕ್ಕುಬಾಯಿಗೆ ಹತ್ತನೇ ತರಗತಿಯ ಇಂಗ್ಲಿಷ್ ಪರೀಕ್ಷೆ. ಉಳಿದ ವಿಷಯಗಳೆಲ್ಲ ದಾಟಿವೆ, ಇದೊಂದರಲ್ಲಿ ಎರಡು ಸಲ ಬಿದ್ದಿದ್ದಾಳೆ. ಊರ ಅಂಗನವಾಡಿಯಲ್ಲಿ ಆಯಾ ಕೆಲಸ ಖಾಲಿ ಇದೆ. ಹತ್ತು ಪಾಸಾಗದೆ ಅದು ಸಿಗದು.

ಪ್ರೇಮಲಾ ಹಗಲೆಲ್ಲ ರವಿಕೆ ಹೊಲಿಯುವವರು. ವಯಸ್ಸು ಐವತ್ತಾರು. ತಂದೆ ಮನ್ಮಥಪ್ಪನವರದು ನಾರಾಯಣಖೇಡದಲ್ಲಿ ಕಿರಾಣಿ ಅಂಗಡಿ. ಅವರು ತೀರಿಕೊಂಡ ವರ್ಷವೇ ಮಗಳ ಶಾಲೆಯೂ ನಿಂತಿತು. ಆಮೇಲೆ ಅಂಗಡಿಯಲ್ಲಿ ಕೂತ ಆಕೆ, ಬೇಳೆ ಕಟ್ಟಲು ತಂದ ಇಂಗ್ಲಿಷ್ ಪೇಪರನ್ನು ಓದಿ ಮುಗಿಸದೆ ಹರಿಯುತ್ತಿರಲಿಲ್ಲ. ಗಿರಾಕಿಗಳು ನಿಂತು ನಿಂತು ಬೈದದ್ದು ಆ ಓಣಿಯ ಹಳಬರಿಗೆ ಇನ್ನೂ ನೆನಪಿದೆ. ಏಳು ವರ್ಷದಿಂದ ದಿನಕ್ಕೊಂದು ತಾಸು ಈ ಪಾಠ. ಹೆಂಗಸರು ಊರೊಳಗೆ ಬರಲು ಬಿಡುವಿಲ್ಲ, ಹಾಗಾಗಿ ಕಲಿಸುವವರೇ ದೊಡ್ಡಿಗೆ ನಡೆದು ಬರುತ್ತಾರೆ.

“ತಪ್ಪು ನಂದೇ ರಿ” ಎಂದು ಪ್ರೇಮಲಾ ನನ್ನ ಕಡೆ ತಿರುಗುತ್ತಾರೆ. “ಅಂಗಡಿ ಮಂದಿ ನಾವು. ನಮಗ ಕುರಿ ಅಂದ್ರ ಬರೇ ಕುರಿ. ಇವರಿಗಿ ಹಂಗಲ್ಲ.”

ಸ್ಲೇಟು ಒರೆಸಿ ಮತ್ತೆ ಶುರು ಮಾಡುತ್ತಾರೆ. “ಕುರಿ ಬಿಡು. ಜಹೀರಾಬಾದಿಗಿ ಹೋಗಾಕ ನಿಂತೀದಿ. ಯಾವ ಬಸ್ ಬೇಕು?”

“ಯಾವುದರೇ ಬರ್ಲಿ, ಹತ್ತೋದೇ.”

“ಅದು ‘ಎ’. ಹತ್ತಿದಿ, ಜೋಳದ ಚೀಲ ಇಟ್ಟಿ, ಚಾ ಕುಡ್ಯಾಕ ಇಳದಿ. ಬಸ್ ಹೋಗೇ ಬಿಡ್ತು. ಈಗ ಯಾವ ಬಸ್ ಹುಡುಕ್ತಿ?”

“ಅದೇ ಬಸ್ರಿ! ನನ್ ಚೀಲ ಅದರಾಗೇ ಅದಲ್ರೀ!” ಸಕ್ಕುಬಾಯಿ ಎದ್ದೇ ನಿಂತಳು. ಸ್ಲೇಟಿನತ್ತ ಬೆರಳು ಮಾಡಿ, “ಅದು ‘ದಿ’” ಎಂದಳು. ಕೂತು ಏಳು ವಾಕ್ಯ ಬರೆದಳು. ಆರು ಸರಿ.

ಮಂದೆ ಹೊರಟಿತು. ನಿಮ್ಮ ಆಸೆಯೇನು ಎಂದು ನಾನು ಕೇಳಿದರೆ ಪ್ರೇಮಲಾ ಸಕ್ಕುಬಾಯಿ ಕುಳಿತಿದ್ದ ಗೋಣಿತಟ್ಟು ಮಡಚುತ್ತಾರೆ.

“ಆಕಿ ಪಾಸಾಗಬೇಕು, ತಿರುಗಿ ಇಲ್ಲಿ ಕೂಡಬಾರ್ದು, ಅಷ್ಟೇ ರಿ. ಹನ್ನೊಂದು ಮಂದೀನ ಹಿಂಗೇ ಎಬ್ಬಿಸಿ ಕಳಿಸೀನಿ.”