ಒಡ್ಡಿನ ಮೇಲೆ ಮೈಲಪ್ಪನ ಕುರಿಗಳು

ದೆವ್ವ, ಶಕುನ ಎಂದರೆ ನಗುವವನು ನಾನು. ಮನುಷ್ಯರನ್ನು ಅನುಮಾನಿಸುವುದಕ್ಕೇ ಹೊತ್ತು ಸಾಲದಿರುವಾಗ ಅವುಗಳ ಗೊಡವೆ ನಮಗೇಕೆ ಎನ್ನುತ್ತಿದ್ದೆ. ಈಗಲೂ ನನ್ನದು ಅದೇ ಸ್ವಭಾವ. ಆದರೆ ಇದೊಂದು ಸಂಗತಿ ಮಾತ್ರ ನನ್ನ ಬುದ್ಧಿಗೆ ಸಿಕ್ಕಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಬಿಳಿಚೋಡಿನ ಆಚೆ ನಮ್ಮ ಹಟ್ಟಿಗೆ ಹಳ್ಳದ ನೀರು ನುಗ್ಗದಿರಲೆಂದು ಸಣ್ಣದೊಂದು ಮಣ್ಣಿನ ಒಡ್ಡು ಹಾಕಿದೆವು. ಮೇಸ್ತ್ರಿ ನಾನೇ. ಮೂಡಲ ತುದಿಯ ಕೆಳಗೇ ನನ್ನ ತಂಗಿಯ ಮನೆ. ಅವಳಿಗೆ ಆಗಷ್ಟೇ ಹೆರಿಗೆಯಾಗಿತ್ತು. ಒಡ್ಡು ಗಟ್ಟಿಯಾಗಿದೆ, ಹೆದರಬೇಡ ಎಂದು ಧೈರ್ಯ ಹೇಳಿದ್ದವನೂ ನಾನೇ.

ಸುರಿದ ಮಣ್ಣು ಬಿಗಿಯಾಗಲೆಂದು ಅದರ ಮೇಲೆ ನಮ್ಮ ಹಟ್ಟಿಯ ಕುರಿಗಾಹಿ ಮೈಲಪ್ಪನ ಕುರಿಮಂದೆಯನ್ನು ಓಡಾಡಿಸುತ್ತಿದ್ದೆವು. ಕುರಿಗಳು ಎಲ್ಲ ಕಡೆ ತುಳಿದವು, ನಡುವೆ ಒಂದು ಕಡೆ ಮಾತ್ರ ಕಾಲಿಡಲಿಲ್ಲ.

"ಅವು ಒಲ್ಲೆ ಅಂತಾವ್ರೀ, ನಾನೇನ್ ಮಾಡ್ಲಿ?" ಎಂದ ಮೈಲಪ್ಪ.

ನಾನು ನಂಬಲಿಲ್ಲ. ನೀರು ನಿಂತರೆ ಮುಳುಗುವುದು ಅವನು ಕುರಿ ಮೇಯಿಸುವ ಜಾಗ. ಕೆಲಸ ಕೆಡಿಸಲು ಏನೋ ಮಸಲತ್ತು ನಡೆಸಿದ್ದಾನೆ ಎಂದುಕೊಂಡೆ. ಅಗೆಸಿ ನೋಡಿದರೆ ಬರೀ ಮಣ್ಣು. ಮುಚ್ಚಿಸಿ, ಆಳುಗಳಿಂದಲೇ ದಮ್ಮಸು ಹಾಕಿಸಿ ಮಣ್ಣು ಬಿಗಿ ಮಾಡಿಸಿದೆ.

ಮೊದಲ ದೊಡ್ಡ ಮಳೆಗೇ ಒಡ್ಡು ತುಂಬಿತು. ಮೈಲಪ್ಪ ಬಂದು ಕಡಿದಾನು ಎಂದು ಸಂಜೆ ದೊಣ್ಣೆ ಹಿಡಿದು ಆ ಜಾಗದಲ್ಲೇ ಕಾವಲು ನಿಂತೆ. ಬಂದೇ ಬಂದ, ಮಂದೆಯ ಹಿಂದೆ ಏದುಸಿರು ಬಿಡುತ್ತ. ಕುರಿಗಳು ನನ್ನನ್ನು ತಳ್ಳಿಕೊಂಡು ಬಂದು, ಎಂದೂ ಕಾಲಿಡದಿದ್ದ ಅದೇ ಜಾಗದಲ್ಲಿ ಒತ್ತಾಗಿ ನಿಂತವು. ಹೊಡೆದರೂ ಕದಲಲಿಲ್ಲ.

"ನಾ ಹೊಡ್ಕಂಡ್ ಬಂದಿಲ್ರೀ. ರೊಪ್ಪದ ಬೇಲಿ ಮುರ್ಕಂಡು ಅವೇ ಬಂದ್ವು!"

ನನಗೆ ಹೊಳೆದದ್ದು ಒಂದೇ: ನನ್ನನ್ನು ಇಲ್ಲಿ ಸಿಕ್ಕಿಸಿ, ಇವನ ಕಡೆಯವರು ಮೂಡಲ ತುದಿ ಕಡಿಯುತ್ತಿದ್ದಾರೆ. ಎದ್ದೆನೋ ಬಿದ್ದೆನೋ ಎಂದು ಅತ್ತ ಓಡಿದೆ. ಅಲ್ಲಿ ನರಪಿಳ್ಳೆ ಇರಲಿಲ್ಲ, ಗುದ್ದಲಿಯ ಗುರುತೂ ಇರಲಿಲ್ಲ. ಆದರೆ ಒಡ್ಡಿನ ಬುಡದಿಂದ ಕೆಸರು ನೀರು ಬುಗ್ಗೆಯಂತೆ ಉಕ್ಕುತ್ತಿತ್ತು. ತಂಗಿಯನ್ನೂ ಕೂಸನ್ನೂ ಎಳೆದುಕೊಂಡು ದಿಬ್ಬ ಹತ್ತುವಷ್ಟರಲ್ಲಿ ಆ ತುದಿ ಕುಸಿದು, ಅವಳ ಮನೆ ಕೊಚ್ಚಿಹೋಯಿತು. ಒಡ್ಡಿನ ನಡುಭಾಗ ಅಲುಗಲಿಲ್ಲ. ಕುರಿಗಳು ಅಲ್ಲೇ ನಿಂತಿದ್ದವು.

ಕುರಿಗಳಿಗೆ ಏನು ಕಲಿಸಿದ್ದೆ, ನಿಜ ಹೇಳು ಎಂದು ಆಮೇಲೆ ಎಷ್ಟೋ ಸಲ ಮೈಲಪ್ಪನನ್ನು ಪೀಡಿಸಿದೆ. ಕೊನೆಗೊಮ್ಮೆ ಅವನಿಗೂ ರೇಗಿತು.

"ಕುರಿ ಸುದ್ದಿ ಬಿಡ್ರೀ ಮೇಸ್ತ್ರಿ. ಆ ಕಡೆ ಯಾರೂ ಇರ್ಲಿಲ್ಲ ಅಂತೀರಿ. ಮತ್ತೆ ನಿಮ್ಮನ್ನ ಹಂಗೆ ಓಡ್ಸಿದ್ದು ಯಾರು?"

ಓಡಿಸಿದ್ದು ನನ್ನ ಅನುಮಾನ ಎನ್ನಬಹುದಿತ್ತು. ಆ ಕೂಸಿಗೆ ಈಗ ಮಕ್ಕಳಿದ್ದಾರೆ. ಅವರು ಮನೆಗೆ ಬಂದಾಗಲೆಲ್ಲ ಮೈಲಪ್ಪನ ಪ್ರಶ್ನೆಯೂ ಜೊತೆಗೆ ಬರುತ್ತದೆ.