ಅವ್ವನ ದವಡೆಯ ಎಲುಬು

ಸ್ನೇಹಿತರೇ, ಅವ್ವನಿಗೆ ಮಾತ್ರ ಹೇಳಬೇಡಿ ಎಂದು ನಾನು ಕೈಮುಗಿದು ಕೇಳಿಕೊಂಡಿದ್ದ ಮಾತನ್ನು ಹಗರಿಬೊಮ್ಮನಹಳ್ಳಿಯ ಹಲ್ಲಿನ ಡಾಕ್ಟರು ಇವತ್ತು ಅವಳೆದುರೇ ಹೇಳಿಬಿಟ್ಟರು.

ಅವ್ವನ ದವಡೆ ಸವೆದಿತ್ತು. ಹೊಸ ಹಲ್ಲಿನ ಸ್ಕ್ರೂ ಕೂರಿಸಲು ಎಲುಬು ಸಾಲದೆ, ನಾಲ್ಕು ತಿಂಗಳ ಹಿಂದೆ ಅಲ್ಲಿ ಎಲುಬಿನ ಪುಡಿ ತುಂಬಿದ್ದರು. ಇವತ್ತು ಎಕ್ಸ್‌ರೇ ನೋಡಿದ ಖುಷಿಯಲ್ಲಿ ಡಾಕ್ಟರು, "ದನದ ಎಲುಬಿನ ಪುಡಿ ಎಷ್ಟ್ ಚಲೋ ಹಿಡದೈತಿ ನೋಡ್ರಿ ಅಮ್ಮಾ" ಎಂದರು.

ಅವ್ವ ಕೊರಳಿನ ಲಿಂಗದ ಕರಡಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ತತ್ತಿ ಸೈತ ಮುಟ್ಟಿದಾಕಿ ಅಲ್ಲ ನಾನು. ತೆಗೀರಿ ಅದನ್ನ."

"ಈಗ ಅದು ನಿಮ್ಮ ಎಲುಬಿನಾಗ ಬೆರತೈತ್ರಿ. ತೆಗ್ಯಾಕ ಬರಂಗಿಲ್ಲ."

ಅವ್ವ ನನ್ನ ಕಡೆ ತಿರುಗಿದಳು. "ನಿನಗ ಗೊತ್ತಿತ್ತೇನ?"

ಗೊತ್ತಿತ್ತು. ಅವಳ ಗದ್ದದಿಂದಲೇ ಎಲುಬು ತೆಗೆದು ಹಾಕಬಹುದು ಎಂದೂ ಡಾಕ್ಟರು ಹೇಳಿದ್ದರು. ಈ ವಯಸ್ಸಿನಲ್ಲಿ ಎರಡು ಕಡೆ ಕೊಯ್ಯಿಸುವುದು ಬೇಡವೆಂದು ನಾನೇ ದನದ್ದಕ್ಕೆ ಸಹಿ ಹಾಕಿದ್ದೆ.

ನಮ್ಮೂರು ಕೊಟ್ಟೂರಿನ ಬಸ್ಸಿನಲ್ಲಿ ಅವ್ವ ನನ್ನ ಪಕ್ಕ ಬಿಟ್ಟು ಬೇರೆ ಸೀಟಿನಲ್ಲಿ ಕೂತಳು. ಮನೆಗೆ ಬಂದವಳೇ ಸ್ನಾನ ಮಾಡಿ, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂತಳು. ವಿಭೂತಿ ಹಚ್ಚಿದಳು, ಹೂ ಏರಿಸಿದಳು. ಕೊನೆಗೆ, "ಈ ಬಾಯಿಲೆ ಹೆಂಗ ಮಂತ್ರ ಹೇಳ್ಲಿ?" ಎಂದು ಲಿಂಗವನ್ನು ಮತ್ತೆ ಕರಡಿಗೆಗೆ ಸೇರಿಸಿದಳು.

ಅವ್ವ ಮತ್ತೆ ಗಟ್ಟಿ ಕಟಕ ರೊಟ್ಟಿ ಕಡಿದು ತಿನ್ನಲೆಂದು ಇಷ್ಟೆಲ್ಲ ಮಾಡಿಸಿದವಳು ನಾನು. ಈಗ ನಾನು ಕೊಟ್ಟ ನೀರನ್ನೂ ಅವಳು ಮುಟ್ಟುತ್ತಿಲ್ಲ. ಡಾಕ್ಟರ ಪ್ರಕಾರ ಮಾತ್ರ ಎಲ್ಲವೂ ಚೆನ್ನಾಗಿ ಹಿಡಿದಿದೆ.